ಹತ್ತೊಂಬತ್ತನೇ ಪುಟದ ಮೂರು ಲೋಟ ನೀರು

ಮಾನ್ಯ ಶಾಲಾ ಶಿಕ್ಷಣಾಧಿಕಾರಿಗಳೇ,

ನಿಮ್ಮ ಇಲಾಖೆ ಈ ವರ್ಷ ಆರನೇ ತರಗತಿಯ ಮಕ್ಕಳ ಕೈಗೆ ಕೊಟ್ಟಿರುವ ‘ಅಡುಗೆ ಮತ್ತು ಆರೋಗ್ಯ’ ಪುಸ್ತಕದ ಹತ್ತೊಂಬತ್ತನೇ ಪುಟವನ್ನು ಬರುವ ಗುರುವಾರದೊಳಗೆ ಹಿಂದಕ್ಕೆ ಪಡೆಯಿರಿ. ‘ಆದರ್ಶ ಆಹಾರ ಪಟ್ಟಿ’ ಎಂಬ ತಲೆಬರಹ ಹೊತ್ತ ಆ ಪುಟ ಬೆಳೆಯುವ ಮಕ್ಕಳಿಗಾಗಿ ಬರೆದದ್ದಲ್ಲ, ಮೂತ್ರಪಿಂಡ ಕೆಟ್ಟು ಹಾಸಿಗೆ ಹಿಡಿದವರ ಪಥ್ಯದ ಪಟ್ಟಿ ಅದು. ಬಾಳೆಹಣ್ಣು ಬೇಡ, ಹಾಲು ಬೇಡ, ಕಾಳು ಬೇಡ, ಕಿತ್ತಳೆ ಬೇಡ, ಆಲೂಗಡ್ಡೆಯನ್ನು ಎರಡು ಸಲ ಕುದಿಸಿ ಎರಡು ಸಲವೂ ನೀರು ಚೆಲ್ಲಬೇಕು, ದಿನಕ್ಕೆ ಮೂರು ಲೋಟಕ್ಕಿಂತ ಹೆಚ್ಚು ನೀರು ಕುಡಿಯಕೂಡದು. ಹನ್ನೊಂದು ವರ್ಷದ, ಆರೋಗ್ಯವಾಗಿರುವ, ಓಡಾಡುವ ಮಕ್ಕಳಿಗೆ ಹೀಗೆಂದು ನೀವು ಪಾಠ ಹೇಳಿಸುತ್ತಿದ್ದೀರಿ. ಗುರುವಾರ ಎಂಬ ಗಡುವು ಏಕೆಂದು ನೀವು ಕೇಳಬಹುದು. ಅಂದು ನಿಮ್ಮದೇ ಇಲಾಖೆಯ ಅಂತರಶಾಲಾ ಕ್ರೀಡಾಕೂಟ. ಇನ್ನೂರ ಹನ್ನೆರಡು ಶಾಲೆಗಳ ಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಬಿಸಿಲಲ್ಲಿ ಓಡುತ್ತಾರೆ. ಅವರಲ್ಲಿ ಎಷ್ಟು ಜನ ನಿಮ್ಮ ಪುಸ್ತಕವನ್ನು ನಂಬಿದ ಒಳ್ಳೆಯ ಮಕ್ಕಳು ಎಂಬುದು ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಅದಕ್ಕೇ ನನಗೆ ಭಯ.

ಭಯ ಎಂಬ ಮಾತನ್ನು ಅಲಂಕಾರಕ್ಕೆ ಬಳಸಿಲ್ಲ, ಸ್ವಾಮಿ. ನಾನು ಸಿಟ್ಟಿನ ಮನುಷ್ಯ, ಅಡುಗೆಮನೆಯಲ್ಲಿ ನನ್ನ ಬಾಯಿಗೆ ಹೆದರದವರಿಲ್ಲ. ಅಂಥವನು ಈಗ ಮನೆಯಲ್ಲಿ ಒಂದು ಲೋಟ ಕೆಳಗೆ ಬಿದ್ದರೆ ಬೆಚ್ಚಿಬೀಳುತ್ತೇನೆ. ಯಾಕೆ ಎಂಬುದನ್ನು ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ. ನಿಮ್ಮ ಕಚೇರಿಯಲ್ಲಿ ಪೂರ್ತಿ ಓದುವ ಪದ್ಧತಿ ಇಲ್ಲವೆಂದು ಬಲ್ಲೆ, ಆದರೂ ಕೇಳಿಕೊಳ್ಳುತ್ತಿದ್ದೇನೆ.

ನಾನು ದೊಡ್ಡಾಸ್ಪತ್ರೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಪಥ್ಯದ ಅಡುಗೆ ಮಾಡುತ್ತಿದ್ದೇನೆ. ನೆಲಮಾಳಿಗೆ, ಕಿಟಕಿಯಿಲ್ಲ, ಹಬೆ ಹೋಗಲು ಒಂದು ಕೊಳವೆ, ಮೂರು ದೊಡ್ಡ ಒಲೆ. ಬೆಳಿಗ್ಗೆ ಐದಕ್ಕೆ ಮೇಲಿನ ವಾರ್ಡುಗಳಿಂದ ಚೀಟಿಗಳು ಬರುತ್ತವೆ, ಏಳಕ್ಕೆ ತಟ್ಟೆಗಳು ಮೇಲೇರಬೇಕು. ನಮ್ಮ ಗೋಡೆಯ ಮೇಲೆ ನಾಲ್ಕು ಹಾಳೆಗಳು ಅಂಟಿವೆ. ಬಿಳಿಯದು ಸಾಮಾನ್ಯ ಊಟ, ಹಳದಿಯದು ಸಕ್ಕರೆ ಕಾಯಿಲೆಯವರದು, ನೀಲಿಯದು ಆಪರೇಷನ್ ಆದವರದು, ಗುಲಾಬಿಯದು ಮೂತ್ರಪಿಂಡದವರದು. ಯಾವ ಹಾಳೆಯ ಮೇಲೂ ಕಾಯಿಲೆಯ ಹೆಸರು ಬರೆದಿಲ್ಲ. ರೋಗಿಗಳ ಮನೆಯವರು ಬಿಸಿನೀರಿಗೆಂದು ಬಾಗಿಲವರೆಗೆ ಬರುತ್ತಾರೆ, ಇಣುಕಿ ಓದಿ ಅಲ್ಲೇ ಅಳಲು ಶುರು ಮಾಡುತ್ತಾರೆ, ಅದಕ್ಕೆ ನಮ್ಮ ಹಿರಿಯ ಅಡುಗೆಯವರ ಕಾಲದಿಂದಲೂ ಹೆಸರು ಬೇಡ, ಬಣ್ಣ ಸಾಕು ಎಂಬ ನಿಯಮ. ನಾವು ‘ಎರಡು ಗುಲಾಬಿ, ಒಂದು ನೀಲಿ’ ಎಂದೇ ಕೂಗುತ್ತೇವೆ. ಇಷ್ಟು ವರ್ಷ ಒಂದು ತಟ್ಟೆಯೂ ತಪ್ಪಿಲ್ಲ.

ಈಗ ನನ್ನ ಮಗಳ ವಿಷಯ. ಅವಳನ್ನು ಮನೆಯಲ್ಲಿ ಚಿನಕುರಳಿ ಅಂತೀವಿ. ಹಾಗನ್ನಲು ಕಾರಣವಿತ್ತು. ನಾನು ಮಧ್ಯಾಹ್ನ ಮನೆಗೆ ಬಂದು ಒಲೆ ಹಚ್ಚಿದರೆ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಹತ್ತುತ್ತಿದ್ದಳು. ಈರುಳ್ಳಿ ಯಾಕೆ ಕಣ್ಣೀರು ತರಿಸುತ್ತೆ? ಉಪ್ಪು ಈಗಲೇ ಯಾಕೆ ಹಾಕ್ಬೇಕು? ಮೊಟ್ಟೆ ಒಡೆಯದೇ ಒಳಗೆ ಬೆಂದಿದೆ ಅಂತ ನಿನಗೆ ಹೆಂಗೆ ಗೊತ್ತಾಗುತ್ತೆ? “ಒಂದು ಪ್ರಶ್ನೆಗೆ ಒಂದು ಬಟಾಣಿ ಸುಲಿ, ಅಷ್ಟಾದ್ರೂ ಕೆಲಸ ಆಗ್ಲಿ” ಎಂದು ನಾನು ಗದರುತ್ತಿದ್ದೆ. ಸಂಜೆಯೊಳಗೆ ಬುಟ್ಟಿ ಖಾಲಿ. ಈ ವರ್ಷ ಪುಸ್ತಕ ಬಂತು. ಜೊತೆಗೆ ‘ನನ್ನ ತಟ್ಟೆ’ ಎಂಬ ನೋಟ್‌ಬುಕ್ಕೂ ಬಂತು. ಪ್ರತಿದಿನ ತಿಂದದ್ದನ್ನು, ಕುಡಿದದ್ದನ್ನು ಬರೆಯಬೇಕು, ಪಟ್ಟಿಯಂತೆ ನಡೆದರೆ ನಕ್ಷತ್ರ, ವಾರದ ಕೊನೆಗೆ ಪೋಷಕರ ರುಜು. ನಮ್ಮ ಚಿನಕುರಳಿ ಶಾಲೆಗೇ ಮೊದಲಿಗಳಾದಳು, ಒಂದು ನಕ್ಷತ್ರವನ್ನೂ ಬಿಡಲಿಲ್ಲ. ಹನ್ನೊಂದು ವಾರ ನಾನು ರುಜು ಹಾಕಿದೆ. ಓದಿದೆನೇ? ಓದಲಿಲ್ಲ. ನಕ್ಷತ್ರ ಎಣಿಸಿದೆ, ಅವಳ ಬೆನ್ನು ತಟ್ಟಿದೆ, ಪೆನ್ನು ಕೊಡು ಅಂದೆ. ನಾನೇ ಪಥ್ಯದ ಅಡುಗೆಯವನು, ನನಗೇನು ಇವರು ಆಹಾರದ ಪಾಠ ಹೇಳುವುದು ಎಂಬ ಜಂಬ.

ನನ್ನ ಹೆಂಡತಿ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ರಾತ್ರಿಯ ಊಟದ ಹೊತ್ತಿಗೆ ಬರುತ್ತಾಳೆ. ಮೊದಲು ಗಮನಿಸಿದ್ದು ಅವಳೇ. “ರೀ, ಮಗು ನೀರಿನ ಬಾಟ್ಲಿ ಹಂಗೇ ವಾಪಸ್ ತರ್ತಿದೆ. ಹಾಲು ಕೊಟ್ರೆ ಬೇಡ ಅಂತದೆ. ಮುಖ ನೋಡಿ, ಬಾಡಿದ ಬದನೆಕಾಯಿ ಆಗಿದೆ” ಅಂದಳು. “ಬೆಳೆಯೋ ವಯಸ್ಸು ಕಣೇ, ಉದ್ದ ಆಗ್ತಿದಾಳೆ, ಸಣ್ಣ ಕಾಣ್ತಾಳೆ” ಅಂದೆ ನಾನು. ಅದೇ ಮಾತನ್ನು ಯಾರಾದರೂ ರೋಗಿಯ ಬಗ್ಗೆ ನನ್ನೆದುರು ಅಂದಿದ್ದರೆ ಸೌಟು ಎತ್ತಿಕೊಂಡು ಹೋಗುತ್ತಿದ್ದೆ.

ಕಳೆದ ಸೋಮವಾರ ಆಟದ ಪಿರಿಯಡ್ಡಿನಲ್ಲಿ, ಇನ್ನೂರು ಮೀಟರ್ ಓಟದ ಅಭ್ಯಾಸದ ನಡುವೆ, ಅವಳು ಬಿದ್ದಳು. ಎಡವಿ ಬಿದ್ದದ್ದಲ್ಲ. ಓಡುತ್ತಿದ್ದವಳು ನಿಂತು, ಕೈ ಚಾಚಿ, ಹಾಗೇ ಕುಸಿದಳಂತೆ. ಎತ್ತಿಕೊಂಡು ನಮ್ಮ ಆಸ್ಪತ್ರೆಗೇ ತಂದರು. ಮೇಲಿನಿಂದ ಆಯಾ ಓಡಿ ಬಂದು, “ಅಣ್ಣ, ನಿಮ್ಮ ಮಗಳು ಮಕ್ಕಳ ವಾರ್ಡಲ್ಲಿ ಇದಾಳೆ, ಬೇಗ ಬನ್ನಿ” ಅಂದಾಗ ನಾನು ಕುದಿಯುವ ಸಾರಿನ ಪಾತ್ರೆ ಇಳಿಸುತ್ತಿದ್ದೆ. ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ. ಏಪ್ರನ್ ಕೂಡ ಬಿಚ್ಚಿರಲಿಲ್ಲ. ತುಟಿ ಒಡೆದಿತ್ತು, ಕಣ್ಣು ಗುಳಿಬಿದ್ದಿತ್ತು, ಕೈಗೆ ಡ್ರಿಪ್ ಹಾಕಿದ್ದರು. ಡಾಕ್ಟರಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

“ಮೈಯಲ್ಲಿ ನೀರಿಲ್ಲ. ವಾರಗಟ್ಟಲೆಯಿಂದ ಸರಿಯಾಗಿ ತಿಂದಿಲ್ಲ. ಮನೇಲಿ ಏನಾದ್ರೂ ತೊಂದ್ರೆ ಇದೆಯಾ?” ಅಂದರು. ಆಮೇಲೆ, “ನೀವು ಇಲ್ಲೇ ಕೆಳಗಡೆ ಅಡುಗೆಯವರಲ್ವಾ?” ಅಂದರು.

ಹೌದು ಅಂದೆ. ಇಪ್ಪತ್ತೆರಡು ವರ್ಷದಲ್ಲಿ ಆ ಒಂದು ‘ಹೌದು’ ಹೇಳುವುದು ಇಷ್ಟು ಕಷ್ಟವಾದದ್ದಿಲ್ಲ.

ಅವಳಿಗೆ ಎಚ್ಚರವಾದಾಗ ದಾದಿ ಒಂದು ಲೋಟ ನೀರು ಹಿಡಿದಳು. ಮಗಳು ತಲೆ ಅಲ್ಲಾಡಿಸಿ, “ಇವತ್ತಿನ ಮೂರು ಆಗಿದೆ” ಅಂದಳು. ಮೂರು ಎಂದರೇನು ಎಂದು ದಾದಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ‘ಇವತ್ತಿನ ಮೂರು’ ಎಂಬುದು ನಮ್ಮ ಅಡುಗೆಮನೆಯ ಮಾತು, ಗುಲಾಬಿ ತಟ್ಟೆಯ ಮಾತು. ಅವಳ ಶಾಲೆಯ ಚೀಲ ಮಂಚದ ಕೆಳಗಿತ್ತು. ಪುಸ್ತಕ ತೆಗೆದೆ. ಹತ್ತೊಂಬತ್ತನೇ ಪುಟ. ಸಾಲಿಗೆ ಸಾಲು ನಮ್ಮ ಗೋಡೆಯ ಹಾಳೆ, ‘ಎರಡು ಸಲವೂ ನೀರು ಚೆಲ್ಲಬೇಕು’ ಎಂಬುದರ ತನಕ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಏನೂ ಅನ್ನುವ ಮೊದಲೇ ನಾನು ಮುಟ್ಟಿಕೊಂಡೆ, ಏಕೆಂದರೆ ಆ ಪಟ್ಟಿಯನ್ನು ಶಾಲೆಗೆ ಕೊಟ್ಟವನು ನಾನೇ.

ಹೋದ ವರ್ಷ ನಿಮ್ಮ ಸುತ್ತೋಲೆ ಬಂದಿತ್ತು: ಪ್ರತಿ ಶಾಲೆಯೂ ‘ಮಾನ್ಯತೆ ಪಡೆದ ಅಡುಗೆಮನೆಯಿಂದ’ ಆಹಾರ ಪಟ್ಟಿಯೊಂದನ್ನು ಐದು ದಿನದೊಳಗೆ ಸಂಗ್ರಹಿಸಿ ಕಳುಹಿಸತಕ್ಕದ್ದು. ಐದು ದಿನ! ನಮ್ಮಲ್ಲಿ ಒಂದು ಹೊಸ ಪಥ್ಯದ ಪಟ್ಟಿ ಗೋಡೆಗೇರಲು ಆರು ತಿಂಗಳು ಬೇಕು. ಟೀಚರ್ ಪಾಪ ನನ್ನ ಮಗಳಿಗೆ, “ನಿಮ್ಮಪ್ಪ ದೊಡ್ಡಾಸ್ಪತ್ರೆ ಅಡುಗೆಯವರಲ್ವಾ, ಒಂದು ಪಟ್ಟಿ ಕೇಳ್ಕೊಂಡು ಬಾ” ಎಂದರು. ನನಗೋ ಎದೆ ಎರಡು ಗೇಣು ಉಬ್ಬಿತು. ಒಂದು ಕೇಳಿದರೆ ನಾಲ್ಕು ಕೊಡೋಣ ಎಂದು ಗೋಡೆಯ ನಾಲ್ಕೂ ಹಾಳೆ ಬಿಡಿಸಿಕೊಂಡು ಗೇಟಿನ ಪಕ್ಕದ ಝೆರಾಕ್ಸ್ ಅಂಗಡಿಗೆ ಹೋದೆ, ಪ್ರತಿ ಮಾಡಿಸಿ ಮಡಚಿ ಚೀಲಕ್ಕೆ ಹಾಕಿದೆ. ಮಗಳಿಗೆ ಹೇಳಿ ಕಳಿಸಿದೆ: “ಟೀಚರ್‌ಗೆ ಹೇಳು, ಬಿಳೀ ಹಾಳೇದು ಮಾತ್ರ ಮಕ್ಕಳಿಗೆ. ಉಳಿದವು ಸುಮ್ನೆ ನೋಡೋಕೆ.” ಅವಳು ಒಂದಕ್ಷರ ಬಿಡದೆ ಹಾಗೇ ಹೇಳಿದ್ದಾಳೆ. ಟೀಚರ್ ಮಡಿಕೆ ಬಿಚ್ಚಿ ನೋಡಿದ್ದಾರೆ. ಝೆರಾಕ್ಸ್ ಯಂತ್ರಕ್ಕೆ ಗುಲಾಬಿಯೂ ಒಂದೇ ಹಳದಿಯೂ ಒಂದೇ. ನಾಲ್ಕೂ ಬಿಳಿ.

ಅವರಿಗೆ ಯಾವುದರ ಮೇಲೂ ಹೆಸರು ಕಾಣಲಿಲ್ಲ, ಎಲ್ಲವೂ ಮಕ್ಕಳಿಗೇ ಎಂದುಕೊಂಡರು, ನಾಲ್ಕರಲ್ಲಿ ಉದ್ದವಾಗಿರುವುದನ್ನು, ವಿವರವಾಗಿರುವುದನ್ನು ಆರಿಸಿದರು. ಉದ್ದವಾಗಿರದೆ ಏನು? ಮೂತ್ರಪಿಂಡದವರಿಗೆ ಬೇಡ ಎನ್ನುವುದೇ ಜಾಸ್ತಿ. ನಾನು ಆ ಪ್ರತಿಗಳನ್ನು ಒಂದು ಸಲ ಬಿಡಿಸಿ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ನನ್ನ ಕಣ್ಣಿಗೆ ಆ ಹಾಳೆಗಳಿಗೆ ಬಣ್ಣವಿಲ್ಲದಿರುವುದು ಸಾಧ್ಯವೇ ಇರಲಿಲ್ಲ. ನನ್ನ ಪಾಲಿನ ತಪ್ಪು ಇಷ್ಟು. ಇದನ್ನು ಹೀಗೆ ಭಾನುವಾರದ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದುಕೊಂಡರೆ ಕೆಲಸ ಹೋಗಬಹುದು ಎಂದು ನಮ್ಮ ಅಡುಗೆಮನೆಯಲ್ಲಿ ಎಲ್ಲರೂ ಹೇಳಿದರು. ಹೆಂಡತಿ ಮಾತ್ರ, “ಬರೀರಿ. ಕೆಲಸ ಹೋದ್ರೆ ಇನ್ನೊಂದು ನೋಡ್ಕೊಳ್ಳೋಣ, ಮಕ್ಕಳು ಹೋದ್ರೆ?” ಅಂದಳು. ಅದಕ್ಕೆ ಬರೆಯುತ್ತಿದ್ದೇನೆ.

ಈಗ ನಿಮ್ಮ ಪಾಲಿನದು. ನೂರಾರು ಶಾಲೆಗಳು ಕಳಿಸಿದ ಪಟ್ಟಿಗಳಲ್ಲಿ ಇದನ್ನೇ ‘ಕಟ್ಟುನಿಟ್ಟಾಗಿದೆ, ಮಾದರಿಯಾಗಿದೆ’ ಎಂದು ನಿಮ್ಮ ತಜ್ಞರ ಸಮಿತಿ ಆರಿಸಿತು. ಶಾಲೆಗೆ ಪ್ರಶಂಸಾಪತ್ರವೂ ಬಂತು, ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಚೌಕಟ್ಟು ಹಾಕಿ ತೂಗುಹಾಕಿದ್ದಾರೆ. ಪುಸ್ತಕದ ಕೊನೆಯಲ್ಲಿ ಐವರು ತಜ್ಞರ ರುಜು ಇದೆ. ಆ ಐವರ ಮನೆಯಲ್ಲೂ ಬಾಳೆಹಣ್ಣು ತಿನ್ನುವ ಒಂದೇ ಒಂದು ಮಗು ಇರಲಿಲ್ಲವೇ? ಹಾಲು ಬೇಡ, ಕಾಳು ಬೇಡ, ಬೀಜ ಬೇಡ ಎಂದು ಓದಿದಾಗ, ಹಾಗಾದರೆ ಈ ಮಗು ತಿನ್ನುವುದೇನು ಎಂಬ ಪ್ರಶ್ನೆ ಐವರಲ್ಲಿ ಒಬ್ಬರಿಗೂ ಬರಲಿಲ್ಲವೇ? ಮೂರು ಲೋಟ ನೀರು ಎಂಬಲ್ಲಿ ಯಾರ ಗಂಟಲೂ ಒಣಗಲಿಲ್ಲವೇ? ನಾನು ಓದದೆ ರುಜು ಹಾಕಿದೆ, ಒಪ್ಪಿದೆ, ನಾನು ಸೌಟು ಹಿಡಿಯುವವನು. ಓದುವುದಕ್ಕೆಂದೇ ಕುರ್ಚಿ ಹಾಕಿ ಕೂರಿಸಿದ ನೀವೂ ಹಾಗೇ ಹಾಕಿದರೆ ಹೇಗೆ? ಪುಸ್ತಕದ ಮುಖಪುಟದ ಮೇಲೆ ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೀರಿ. ರೋಗಿಗಳ ಊಟವನ್ನು ಬಲ್ಲೆ ಎಂದುಕೊಂಡ ನನ್ನ ಮನೆಗೇ ರೋಗ ಬಂತು, ಬಲ್ಲವರು ಇನ್ನಾರು?

ಒಂದು ಮಾತು ಹೇಳದೆ ಬಿಡಲಾರೆ. ಪುಸ್ತಕದ ಹೆಸರಿನಲ್ಲಿ ಆರೋಗ್ಯಕ್ಕಿಂತ ಮೊದಲು ಅಡುಗೆ ಇದೆ. ಅಡುಗೆ ಎಲ್ಲಿ? ನನ್ನ ಮಗಳ ಶಾಲೆಯಲ್ಲಿ ಅಡುಗೆ ಕಲಿಸುವುದಕ್ಕೆಂದು ಒಂದು ಕೋಣೆ ಕಟ್ಟಿದ್ದಾರೆ, ಸಿಂಕ್ ಇದೆ, ಕಲ್ಲಿನ ಕಟ್ಟೆ ಇದೆ. ಬೆಂಕಿಯ ಅಪಾಯ ಎಂಬ ನಿಮ್ಮ ಆದೇಶದಿಂದ ಒಲೆಗೆ ಅನುಮತಿ ಇಲ್ಲ, ಆದ್ದರಿಂದ ಕೋಣೆಗೆ ಬೀಗ, ಒಳಗೆ ಮುರಿದ ಬೆಂಚುಗಳು. ಮಕ್ಕಳು ಒಲೆಯ ಚಿತ್ರ ಬರೆದು ಅದರ ಭಾಗಗಳನ್ನು ಗುರುತಿಸುತ್ತಾರೆ. ಒಂದೇ ಒಂದು ದಿನ ಆ ಮಕ್ಕಳು ಕೈಯಾರೆ ಆಲೂಗಡ್ಡೆ ಬೇಯಿಸಿ, ನೀರು ಚೆಲ್ಲಿ, ಮತ್ತೆ ಬೇಯಿಸಿ, ಮತ್ತೆ ಚೆಲ್ಲಿ, ಬಾಯಿಗಿಟ್ಟು ನೋಡಿದ್ದರೆ, “ಮಿಸ್, ಇದು ಚೆನ್ನಾಗಿಲ್ಲ, ಯಾಕೆ ಹಿಂಗ್ ಮಾಡ್ಬೇಕು?” ಎಂದು ಒಂದಾದರೂ ಮಗು ಕೇಳುತ್ತಿತ್ತು. ಆ ಪ್ರಶ್ನೆ ಟೀಚರನ್ನು ತಲುಪುತ್ತಿತ್ತು, ಟೀಚರ್ ನನ್ನನ್ನು ಕೇಳುತ್ತಿದ್ದರು, ನಾನು ಓಡಿಬಂದು ಪುಟ ಕಿತ್ತುಹಾಕುತ್ತಿದ್ದೆ. ಒಲೆಯ ಮುಂದೆ ನಿಂತವರು ಯಾಕೆ ಎಂದು ಕೇಳುತ್ತಾರೆ, ಕೋಷ್ಟಕ ತುಂಬುವವರು ಎಷ್ಟು ಎಂದಷ್ಟೇ ಕೇಳುತ್ತಾರೆ. ನನ್ನ ಚಿನಕುರಳಿ ಪ್ರಶ್ನೆ ಕೇಳುವುದನ್ನು ಬಿಟ್ಟು ಹನ್ನೊಂದು ವಾರವಾಯಿತು. ಬೆಂಕಿಯ ಅಪಾಯವನ್ನು ನೀವು ಚೆನ್ನಾಗಿಯೇ ತಪ್ಪಿಸಿದಿರಿ.

ಬುಧವಾರ ನಿಮ್ಮ ಕಚೇರಿಗೆ ಬಂದಿದ್ದೆ. ನೀವು ಸಭೆಯಲ್ಲಿದ್ದಿರಿ. ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ ಗುಮಾಸ್ತರು ನನ್ನ ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿದರು.

“ಪುಸ್ತಕ ಸಮಿತಿ ಒಪ್ಪಿರೋದು ಸ್ವಾಮಿ. ಒಬ್ಬ ಅಡುಗೆಯವರು ಬಂದು ತಪ್ಪು ಅಂದ್ರೆ ಬದಲಾಯಿಸೋಕಾಗುತ್ತಾ?”

“ಅಯ್ಯೋ, ಅದನ್ನ ಕೊಟ್ಟಿದ್ದೇ ಈ ಅಡುಗೆಯವನು ಕಣ್ರೀ!” ಅಂದೆ.

ಅವರು ಕನ್ನಡಕ ಇಳಿಸಿ ನನ್ನನ್ನು ನೋಡಿದರು. “ಹಂಗಾದ್ರೆ ಮೊದಲು ನಿಮ್ಮ ಮೇಲೇ ಕೇಸ್ ಆಗುತ್ತೆ. ಮಗು ಹುಷಾರಾಗಿದೆ ತಾನೆ? ಸುಮ್ನೆ ಮನೆಗೆ ಹೋಗಿ. ಮುಂದಿನ ಮುದ್ರಣದಲ್ಲಿ ನೋಡೋಣ.”

ಮುಂದಿನ ಮುದ್ರಣ ಬರುವುದು ಮುಂದಿನ ವರ್ಷ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಈ ಜಾಣತನಕ್ಕೆ ನಾನು ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಎದುರಿಗೆ ನಿಮ್ಮ ಕ್ರೀಡಾಕೂಟದ ಬ್ಯಾನರ್ ಕಟ್ಟುತ್ತಿದ್ದರು.

ಮಗು ಹುಷಾರಾಗಿದೆಯೇ? ಮನೆಗೆ ಬಂದಿದ್ದಾಳೆ, ಅಷ್ಟು ನಿಜ. ಮನೆಗೆ ಬಂದ ಮೊದಲ ದಿನ ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಬಣ್ಣದ ಹಾಳೆ, ಝೆರಾಕ್ಸ್, ನನ್ನ ತಪ್ಪು, ಒಂದನ್ನೂ ಮುಚ್ಚಿಡಲಿಲ್ಲ. ಗಮನವಿಟ್ಟು ಕೇಳಿದಳು. ಆಮೇಲೆ, “ಆದ್ರೆ ಪುಸ್ತಕದಲ್ಲಿದೆಯಲ್ಲಪ್ಪ. ಪರೀಕ್ಷೆಗೂ ಬರುತ್ತೆ” ಅಂದಳು. “ಪುಸ್ತಕ ತಪ್ಪು ಕಣೇ” ಅಂದೆ. “ಪುಸ್ತಕ ಹೆಂಗೆ ತಪ್ಪಾಗುತ್ತೆ? ನೀನೇ ರುಜು ಹಾಕಿದೀಯಲ್ಲ” ಅಂದಳು. ಆ ತುತ್ತನ್ನು ನಾನು ಇನ್ನೂ ನುಂಗಿಲ್ಲ. ನೀರು ಬೇಡ ಅಂದರೆ ಸೂಪಾದರೂ ಹೋಗಲಿ ಎಂದು ತೆಳ್ಳಗೆ ಮಾಡಿ ಕೊಟ್ಟೆ. ಚಮಚ ಎತ್ತುವ ಮೊದಲು, “ಇದರಲ್ಲಿ ಎಷ್ಟು ಲೋಟ ನೀರಿದೆ?” ಎಂದು ಕೇಳಿದಳು. ಒಂದು ಅಂದೆ. ಆ ದಿನದ ಮೂರು ಲೋಟ ತುಂಬಿಟ್ಟುಕೊಂಡಿದ್ದ ಬಾಟಲಿಯಿಂದ ಒಂದು ಲೋಟ ಅಳೆದು ಸಿಂಕಿಗೆ ಚೆಲ್ಲಿಬಂದು ಸೂಪು ಕುಡಿದಳು. ನನ್ನ ಹೆಂಡತಿ ಗೋಡೆಗೆ ಮುಖ ಮಾಡಿ ನಿಂತಳು.

ಶುಕ್ರವಾರ ಟೀಚರ್ ಬಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅತ್ತತ್ತು ಅವರ ಕಣ್ಣು ಊದಿತ್ತು. ತರಗತಿಯಲ್ಲಿ ಬಾಯಿಮಾತಿನಲ್ಲಿ ಹೇಳಿದ್ದಾರಂತೆ, ಕೆಲವು ಮಕ್ಕಳು ಕೇಳಿದ್ದಾರೆ, ಇನ್ನು ಕೆಲವರು ನಕ್ಷತ್ರ ಹೋಗುತ್ತದೆ ಎಂದು ಅತ್ತಿದ್ದಾರೆ. ಅದು ಒಂದು ಶಾಲೆಯ ಒಂದು ತರಗತಿ. ಮಿಕ್ಕ ಇನ್ನೂರ ಹನ್ನೊಂದು ಶಾಲೆಗಳಿಗೆ ಯಾರು ಹೇಳುತ್ತಾರೆ? ಟೀಚರ್ ನನ್ನ ಮಗಳ ತಲೆ ಸವರಿ, “ನೀರು ಕುಡಿ ಪುಟ್ಟಿ, ಎಷ್ಟು ಬೇಕೋ ಅಷ್ಟು ಕುಡಿ” ಅಂದರು. ಅವಳು ಎದ್ದುಹೋಗಿ ಪುಸ್ತಕ ತಂದು, ಹತ್ತೊಂಬತ್ತನೇ ಪುಟ ತೆಗೆದು, ಅವರ ಕೈಗೆ ಪೆನ್ನು ಕೊಟ್ಟಳು. “ಹಂಗಾದ್ರೆ ಇದನ್ನ ಹೊಡೆದು ಹಾಕಿ ಮಿಸ್.” ಟೀಚರ್ ಪೆನ್ನು ಹಿಡಿದು ಕೂತರು. ನನ್ನ ಮುಖ ನೋಡಿದರು. ಮೇಲಿನಿಂದ ಆದೇಶ ಬಾರದೆ ಪಠ್ಯಪುಸ್ತಕದ ಒಂದಕ್ಷರ ತಿದ್ದಿದರೂ ನೌಕರಿಗೆ ಸಂಚಕಾರ ಎಂದು ನಿಮ್ಮದೇ ಇನ್ನೊಂದು ಸುತ್ತೋಲೆ ಇದೆಯಂತಲ್ಲ. ಅವರು ಪೆನ್ನನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ನನ್ನ ಮಗಳು ಅದನ್ನು ನೋಡಿದಳು, ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. ಅವಳಿಗೆ ಬೇಕಾದ ಉತ್ತರ ಸಿಕ್ಕಿತ್ತು.

ನನ್ನ ಬೇಡಿಕೆ ಸಣ್ಣದು. ಗುರುವಾರದೊಳಗೆ ಎಲ್ಲ ಶಾಲೆಗೂ ಮುಟ್ಟುವಂತೆ, ಪುಟ ಹಿಂತೆಗೆದುಕೊಳ್ಳಲಾಗಿದೆ ಎಂದು ನಾಳೆ ಸೋಮವಾರ ಶಾಲೆಗಳ ಮೊದಲ ಗಂಟೆಗೆ ಮುಂಚೆ ಒಂದು ಸಾಲಿನ ಆದೇಶ ಹೊರಡಿಸಿ. ನಾಲ್ಕು ಸಾಲು ಬೇಡ, ಸಮಿತಿ ಬೇಡ, ತಪ್ಪು ಯಾರದು ಎಂಬ ವಿಚಾರಣೆ ಬೇಡ. ಬೇಕಾದರೆ ತಪ್ಪೆಲ್ಲ ಅಡುಗೆಯವನದು ಎಂದೇ ಬರೆಯಿರಿ, ನಾನು ಕೆಳಗೆ ಹೆಬ್ಬೆಟ್ಟು ಒತ್ತುತ್ತೇನೆ. ಮೈದಾನದ ಪ್ರತಿ ಮೂಲೆಯಲ್ಲೂ ನೀರಿಡಿಸಿ, ಕುಡಿಯಿರಿ ಎಂದು ಧ್ವನಿವರ್ಧಕದಲ್ಲಿ ಕೂಗಿಸಿ. ಕ್ರೀಡಾಕೂಟ ಮುಗಿದ ಮೇಲೆ ಅಡುಗೆ ಕೋಣೆಯ ಬೀಗವನ್ನೂ ತೆಗೆಸಿ, ಒಲೆ ಹಚ್ಚಲು ಕಲಿಸುವುದಕ್ಕೆ ಸಂಬಳವಿಲ್ಲದೆ ನಾನೇ ಬರುತ್ತೇನೆ. ಆದರೆ ಮೊದಲು ಆ ಒಂದು ಸಾಲು. ಈ ಊರಿನಲ್ಲಿ ಮಕ್ಕಳು ತಂದೆತಾಯಿಯ ಮಾತಿಗಿಂತ, ಟೀಚರ ಮಾತಿಗಿಂತ, ಡಾಕ್ಟರಮ್ಮನ ಮಾತಿಗಿಂತ ನಿಮ್ಮ ಮಾತನ್ನು ನಂಬುತ್ತಾರೆ. ಅದು ನಿಮ್ಮ ಹೆಗ್ಗಳಿಕೆ ಎಂದು ನೀವು ತಿಳಿದಿರಬಹುದು. ನನ್ನನ್ನು ಹೆದರಿಸುತ್ತಿರುವುದು ಅದೇ.

ಇದನ್ನು ಬರೆಯುವಾಗ ಮಗಳು ಎದುರಿನ ಕುರ್ಚಿಯಲ್ಲಿ ಕೂತಿದ್ದಾಳೆ. ಬಾಯಾರಿಕೆಯಾಗಿದೆ ಎಂದು ನನಗೆ ಕಾಣುತ್ತಿದೆ, ತುಟಿ ಸವರಿಕೊಳ್ಳುತ್ತಿದ್ದಾಳೆ. ಯಾರಿಗೆ ಪತ್ರ ಎಂದು ಕೇಳಿದಳು. ಪುಸ್ತಕ ಮಾಡಿದವರಿಗೆ ಅಂದೆ. “ಅವರು ಕುಡಿ ಅಂದ್ರೆ ಕುಡೀತೀನಿ ಅಂತ ಬರಿ” ಅಂದಳು. ಬರೆದಿದ್ದೇನೆ.

ಇಂತಿ,
ನಿಮ್ಮ ಅಪ್ಪಣೆಯಾಗುವವರೆಗೆ ಮಗಳ ಮುಂದೆ ಲೋಟ ಹಿಡಿದು ಕೂತಿರುವ
ಒಬ್ಬ ಅಡುಗೆಯವನು